ಉಂಡ ಮನೆಯ ಆಟ

ಗಂಗಾಂಬಿಕಾಳ ಮನೆಯ ಹೊಸ್ತಿಲು ದಾಟಿದವರು ಏನೂ ತಿನ್ನದೆ ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಕೊಟ್ಟೂರಿನ ನಮ್ಮ ಓಣಿಗೆ ಕರೆಂಟ್ ಬಿಲ್ ಕೊಡಲು ಬರುವವನಿಗೂ ಅಲ್ಲಿ ಒಂದು ತಟ್ಟೆ ಮಂಡಕ್ಕಿ ಆಗಲೇಬೇಕು. "ಬ್ಯಾಡ್ರಿ ಅಕ್ಕಾರ, ಈಗರ ತಿಂದು ಬಂದೀನಿ" ಎಂದರೆ, "ಅದು ಅಲ್ಲಿದು, ಇದು ಇಲ್ಲಿದು" ಎಂದು ಮೇಲೆ ಎರಡು ಮಿರ್ಚಿ ಇಡುತ್ತಾಳೆ. ಗಂಡ ಗುರುಬಸವರಾಜನಿಗೆ ಪೇಟೆಯಲ್ಲಿ ಶೇಂಗಾ ಎಣ್ಣೆಯ ಅಂಗಡಿ. ಓಣಿಯವರು ಅವಳನ್ನು ಅನ್ನಪೂರ್ಣೆ ಎನ್ನುತ್ತಾರೆ. ಹಾಗೆ ಕರೆದಾಗ ಬೇಡ ಬೇಡ ಅನ್ನುತ್ತಾಳೆ, ಆದರೆ ಕಿವಿ ಅಲ್ಲೇ ಇರುತ್ತದೆ.

ಅವಳ ಕೈರುಚಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಕೊಡುವ ಕೈ, ತೆಗೆದುಕೊಳ್ಳುವ ಕೈಯಲ್ಲ. ನಾನು ಪಕ್ಕದ ಮನೆಯ ಸುಕನ್ಯಾ. ಗೋಡೆಯ ಆಚೆಯಿಂದ ನನಗೆ ಬಟ್ಟಲುಗಟ್ಟಲೆ ಹೋಳಿಗೆ, ಹುಗ್ಗಿ ಬಂದಿವೆ. ನನ್ನ ಬಟ್ಟಲುಗಳೂ ಆಚೆಗೆ ಹೋಗಿವೆ. ನಾನು ಕಳಿಸಿದ ಪಾಯಸ ಹೇಗಿತ್ತೆಂದು ಅವಳು ಒಮ್ಮೆಯೂ ಹೇಳಲಿಲ್ಲ. ಹೇಳಿದವಳು ಅವಳ ಮನೆಗೆಲಸದ ಈರಕ್ಕ. "ನಿಮ್ಮ ಪಾಯಸ ಭಾಳ ಚಲೋ ಇರ್ತೈತ್ರಿ ಬಾಯಾರ, ಯಾವಾಗ್ಲೂ ನನಗ ಕೊಡ್ತಾರ" ಎಂದಳು, ಪಾಪ, ಒಳ್ಳೆಯ ಮನಸ್ಸಿನಿಂದ. ನನಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿಯಿತು. ಅವರದು ಲಿಂಗ ಕಟ್ಟಿದ ಮನೆತನ, ಮಡಿ ಸ್ವಲ್ಪ ಹೆಚ್ಚು. ಹೊರಗೆ ಹೋದರೆ ಒಂದು ಬಾಳೆಹಣ್ಣು, ಹೆಚ್ಚೆಂದರೆ ಅರ್ಧ ಲೋಟ ಚಹಾ, ಅಷ್ಟೇ ಎಂದು ಅವಳ ಅತ್ತೆ ಕಲಿಸಿ ಹೋಗಿದ್ದರು. ನಾನು ಜಗಳ ಮಾಡಲಿಲ್ಲ. ಅಂದಿನಿಂದ ಪಾಯಸವನ್ನು ನೇರವಾಗಿ ಈರಕ್ಕನಿಗೇ ಕೊಡತೊಡಗಿದೆ.

ಇಂಥ ಗಂಗಾಂಬಿಕಾಳಿಗೆ ಒಬ್ಬಳೇ ಮಗಳು, ಅರ್ಚನಾ. ಚದುರಂಗದಲ್ಲಿ ಚುರುಕು. ಅವಳಿಗೆ ಆಟ ಕಲಿಸಲು ದಾವಣಗೆರೆಯಿಂದ ಒಬ್ಬರು ಫೋನಿನ ಪರದೆಯಲ್ಲಿ ಬರುತ್ತಾರೆ, ಒಳ್ಳೆಯ ಮರದ ಹಲಗೆ ಇದೆ, ಗಡಿಯಾರ ಇದೆ. ನಮ್ಮ ಸುತ್ತಿನ ತಾಲೂಕುಗಳಲ್ಲಿ ಅವಳ ವಯಸ್ಸಿನ ಹುಡುಗಿಯರಲ್ಲಿ ಅವಳನ್ನು ಸೋಲಿಸುವವರು ಇರಲಿಲ್ಲ, ಕೀರ್ತನಾ ಬರುವ ತನಕ.

ಕೀರ್ತನಾ ಕಾನಹೊಸಹಳ್ಳಿ ಕಡೆಯ ಒಂದು ಹಟ್ಟಿಯವಳು. ಅರ್ಚನಾಳಿಗಿಂತ ಒಂದು ವರ್ಷ ಚಿಕ್ಕವಳು. ಅಪ್ಪ ಪಾಲಾಕ್ಷಪ್ಪ ಕುರಿ ಸಾಕುವವನು. ಮೇವು ಸಿಕ್ಕ ಕಡೆ ಮಂದೆಯೊಂದಿಗೆ ಇರುತ್ತಾನೆ, ಮನೆ ನೋಡುವವಳು ಅವ್ವ ಸುಂಕಮ್ಮ. ಆ ಊರಿನ ಸರಕಾರಿ ಶಾಲೆಗೆ ಬಂದ ಅರುಣಕುಮಾರ್ ಮೇಷ್ಟ್ರು ಆಟದ ಸಾಮಾನಿನ ಪೆಟ್ಟಿಗೆಯಲ್ಲಿ ಬಿದ್ದಿದ್ದ ಒಂದು ಚದುರಂಗದ ಸೆಟ್ಟನ್ನು ಹೊರಗೆ ತೆಗೆದರು. ಅದರಲ್ಲಿ ಕುದುರೆಗಳು ಕಳೆದಿದ್ದವು. ಅವುಗಳ ಜಾಗದಲ್ಲಿ ಸೋಡಾ ಬಾಟಲಿಯ ಮುಚ್ಚಳ ಇಟ್ಟು ಮಕ್ಕಳಿಗೆ ನಡೆ ಹೇಳಿಕೊಟ್ಟರು. ಉಳಿದ ಮಕ್ಕಳು ಮರುದಿನಕ್ಕೆ ಮರೆತರು. ಕೀರ್ತನಾ ಆ ತಿಂಗಳು ಮುಗಿಯುವುದರೊಳಗೆ ಮೇಷ್ಟ್ರನ್ನೇ ಸೋಲಿಸಿದಳು. ಮೇಷ್ಟ್ರು ಒಳ್ಳೆಯವರು, ಸೋತಿದ್ದನ್ನು ಊರೆಲ್ಲ ಹೇಳಿಕೊಂಡು ತಿರುಗಿದರು.

ಕೂಡ್ಲಿಗಿಯ ತಾಲೂಕು ಪಂದ್ಯಕ್ಕೆ ಕರೆದುಕೊಂಡು ಹೋದರೆ ಮೀಸೆ ಚಿಗುರುತ್ತಿದ್ದ ಹುಡುಗರನ್ನೆಲ್ಲ ಮಲಗಿಸಿ ಬಂದಳು. ನಿಜವಾದ ಕುದುರೆ ಕಾಯಿಯನ್ನು ಅವಳು ಮೊದಲು ಮುಟ್ಟಿದ್ದು ಅಲ್ಲಿಯೇ. ಆಟ ಶುರುವಾಗುವ ಮೊದಲು ಅದರ ಕಿವಿ ಸವರಿ ನೋಡುತ್ತಿದ್ದಳಂತೆ. ಹಗರಿಬೊಮ್ಮನಹಳ್ಳಿಯಲ್ಲಿ ಅವಳ ಆಟವನ್ನು ನಾನೇ ಕಂಡೆ, ಗಂಗಾಂಬಿಕಾಳ ಜೊತೆ ಹೋಗಿದ್ದೆ. ಹೊರಗೆ ಮದುವೆಯ ಬ್ಯಾಂಡ್ ಹೋಯಿತು, ಮಕ್ಕಳೆಲ್ಲ ಕತ್ತು ಉದ್ದ ಮಾಡಿ ಕಿಟಕಿ ನೋಡಿದರು. ಈ ಹುಡುಗಿ ಜಡೆಯ ತುದಿಯನ್ನು ಬಾಯಲ್ಲಿ ಕಚ್ಚಿಕೊಂಡು ಹಲಗೆಯನ್ನೇ ನೋಡುತ್ತಿದ್ದಳು. ಆಟ ಮುಗಿಯುವ ತನಕ ಅವಳು ಕಣ್ಣೆತ್ತುವುದಿಲ್ಲ, ಎದುರಿಗೆ ಯಾರು ಕುಳಿತಿದ್ದಾರೆಂದೂ ನೋಡುವುದಿಲ್ಲ. ಅಂದು ಎದುರಿಗೆ ಇದ್ದವನು ಹರಪನಹಳ್ಳಿ ಕಡೆಯ ಅರಸೀಕೆರೆಯ ಹುಡುಗ, ಸೋತು ಬಿಕ್ಕಿ ಬಿಕ್ಕಿ ಅತ್ತ. ಆಗ ಕಣ್ಣೆತ್ತಿದವಳು ಗಾಬರಿಯಾಗಿ ತನ್ನ ಕಿಸೆಯ ಪೆಪ್ಪರ್‌ಮಿಂಟನ್ನು ಅವನ ಮುಂದೆ ಇಟ್ಟು ಓಡಿಹೋದಳು. ಹಡಗಲಿಯಲ್ಲಿ ಗೆದ್ದದ್ದಕ್ಕೆ ಅವಳಿಗಿಂತ ದಪ್ಪನೆಯ ಬಹುಮಾನದ ಕಪ್ಪು ಕೊಟ್ಟರು. ಪಾಲಾಕ್ಷಪ್ಪ ಅದನ್ನು ದೇವರ ಮಾಡದಲ್ಲಿ ಮೈಲಾರಲಿಂಗನ ಭಂಡಾರದ ಪಕ್ಕ ಇಟ್ಟನಂತೆ.

ಆ ಎಲ್ಲ ಕಡೆ ಅರ್ಚನಾಳೂ ತನ್ನ ವಯಸ್ಸಿನ ಹುಡುಗಿಯರ ವಿಭಾಗದಲ್ಲಿ ಗೆಲ್ಲುತ್ತಿದ್ದಳು, ಕೀರ್ತನಾ ಎಲ್ಲರ ಜೊತೆ ಆಡುತ್ತಿದ್ದಳು, ಹಾಗಾಗಿ ಇಬ್ಬರೂ ಎದುರುಬದುರಾಗಿರಲಿಲ್ಲ. ಅದು ಆದದ್ದು ನಮ್ಮ ಕೊಟ್ಟೂರಿನಲ್ಲಿ. ಕಲ್ಯಾಣ ಮಂಟಪದಲ್ಲಿ ಶನಿವಾರ, ಭಾನುವಾರ ಎರಡು ದಿನದ ಪಂದ್ಯ, ಎಲ್ಲರಿಗೂ ಒಂದೇ. ಮೊದಲ ದಿನ ಇಬ್ಬರೂ ಎಲ್ಲ ಆಟ ಗೆದ್ದರು. ಸಂಜೆ ಮೇಷ್ಟ್ರು ತಲೆ ಕೆರೆದುಕೊಳ್ಳುತ್ತ ನಿಂತರು. ಊರಿಗೆ ಹೋಗಿ ಬೆಳಿಗ್ಗೆ ಬರಲು ಬಸ್ಸು ಕೂಡುವುದಿಲ್ಲ, ಹುಡುಗಿಯನ್ನು ಎಲ್ಲಿ ಮಲಗಿಸುವುದು?

"ಎಲ್ಲಿ ಅಂದ್ರ? ನಮ್ಮನಿ ಇಲ್ಲೇನ್ರಿ?" ಎಂದು ಗಂಗಾಂಬಿಕಾ ಹುಡುಗಿಯ ಕೈ ಹಿಡಿದುಕೊಂಡಳು. ಮನಸಾರೆ ಹೇಳಿದ ಮಾತು ಅದು, ಯಾರೂ ಬೇರೆ ಅರ್ಥ ಮಾಡಬಾರದು. ಅಂದು ಸಂಜೆ ಅವಳ ತಲೆಗೆ ಎಣ್ಣೆ ಹಚ್ಚಿ ಜಡೆ ಹಾಕಿದಳು. ಇಬ್ಬರು ಹುಡುಗಿಯರೂ ಒಂದೇ ಕೌದಿಯಲ್ಲಿ ಮಲಗಿ ಬಹಳ ಹೊತ್ತು ನಗುತ್ತಿದ್ದದ್ದು ನಮ್ಮ ಮನೆಗೂ ಕೇಳಿಸಿತು.

ಬೆಳಿಗ್ಗೆ ಹಾಲು ಕೇಳಲು ಹೋದಾಗ ನಾನು ಅಡುಗೆಮನೆಯ ಬಾಗಿಲಲ್ಲೇ ಇದ್ದೆ. ಕೀರ್ತನಾಳ ತಟ್ಟೆಯಲ್ಲಿ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಗಂಗಾಂಬಿಕಾ ಚಟ್ನಿಯ ನಡುವೆ ಕುಳಿ ಮಾಡಿ ತುಪ್ಪ ಸುರಿದು ನಗುತ್ತ ಹೇಳಿದಳು:

"ನೋಡವ್ವ, ನಮ್ಮನಿ ತುಪ್ಪ ಉಂಡಿ. ಈಗ ಹೋಗಿ ನಮ್ಮ ಅರ್ಚನಾನ್ನ ಸೋಲಿಸ್ತೀಯೇನ ಮತ್ತ?"

ಗುರುಬಸವರಾಜ ನಕ್ಕ. ನಾನೂ ನಕ್ಕೆ, ನಗುವಂಥ ಮಾತೇ ಅದು. ಹುಡುಗಿ ನಗಲಿಲ್ಲ. ಬಾಯಿಗೆ ಹೊರಟಿದ್ದ ತುತ್ತು ಒಂದು ಗಳಿಗೆ ನಿಂತಿತು. ಆಮೇಲೆ ತಟ್ಟೆಯಲ್ಲಿದ್ದ ಎಲ್ಲವನ್ನೂ ತಿಂದಳು, ತುಪ್ಪವನ್ನು ಬೆರಳಿನಿಂದ ಬಳಿದು ತಿಂದಳು. "ತಾಟಿನ್ಯಾಗ ಬಿಡಬಾರ್ದಂತ ನಮ್ಮವ್ವ ಹೇಳ್ಯಾಳ" ಎಂದು ತಾನೇ ತಟ್ಟೆ ತೊಳೆದಿಟ್ಟಳು.

ಕೊನೆಯ ಸುತ್ತಿನಲ್ಲಿ ಅವರಿಬ್ಬರೂ ಎದುರುಬದುರು. ಕಟ್ಟಿದ್ದ ಹಗ್ಗದ ಈಚೆ ನಾನು, ಗಂಗಾಂಬಿಕಾ, ಅರುಣಕುಮಾರ್ ಮೇಷ್ಟ್ರು ನಿಂತಿದ್ದೆವು. ನನಗೆ ಆಟ ಅಷ್ಟಕ್ಕಷ್ಟೇ, ಆದರೆ ಮೇಷ್ಟ್ರ ಮುಖ ಓದಲು ಬರುತ್ತದೆ. ಅದು ಅರಳುತ್ತಾ ಹೋಯಿತು. ಅರ್ಚನಾಳ ಕಾಯಿಗಳು ಒಂದೊಂದಾಗಿ ಮೂಲೆ ಸೇರಿದವು. ಕೀರ್ತನಾ ತನ್ನ ಮಂತ್ರಿಯನ್ನು ಮುಟ್ಟಿದಳು. "ಮುಗೀತು" ಎಂದು ಮೇಷ್ಟ್ರು ಉಸಿರಿನಲ್ಲೇ ಅಂದರು. ಆಗ ಹುಡುಗಿ ಕಣ್ಣೆತ್ತಿ ನಮ್ಮ ಕಡೆ ನೋಡಿದಳು. ಬ್ಯಾಂಡ್ ಹೋದರೂ ಎತ್ತದ ಕಣ್ಣು. ಮತ್ತೆ ತಲೆ ತಗ್ಗಿಸಿ ಮಂತ್ರಿಯನ್ನು ಎಲ್ಲೋ ಇಟ್ಟಳು, ಅರ್ಚನಾಳ ಆನೆ ಅದನ್ನು ಹೊಡೆಯಿತು, ಸ್ವಲ್ಪ ಹೊತ್ತಿನಲ್ಲಿ ಆಟವೇ ತಿರುಗಿ ಅರ್ಚನಾ ಗೆದ್ದಳು. ಮೇಷ್ಟ್ರು ಹೊರಗೆ ಹೋಗಿ ನಿಂತರು.

ಅರ್ಚನಾಳಿಗೆ ಕಪ್ಪು ಕೊಡುವಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವಳು ಕೀರ್ತನಾ. ಗುರುಬಸವರಾಜ ಪೇಡೆಯ ಬುಟ್ಟಿ ಹಿಡಿದು ಓಣಿಯ ಮನೆಮನೆಗೂ ಹೋದ. ನಮ್ಮ ಮನೆಗೂ ಬಂತು. ತಿಂದೆ.

ಮರುದಿನ ಸಂಜೆ ಗೋಡೆಯಾಚೆಯಿಂದ ಗಂಗಾಂಬಿಕಾ ಕರೆದಳು. ಹೋಗಿ ನೋಡಿದರೆ ಕಪ್ಪು ಶೋಕೇಸಿನಲ್ಲಿಲ್ಲ, ಗಿರಣಿಯ ಹಿಟ್ಟಿನ ಡಬ್ಬಿಯ ಹಿಂದೆ ಬಿದ್ದಿದೆ. ಅರ್ಚನಾ ಹಲಗೆಯ ಮುಂದೆ ಕುಳಿತು ಅಳುತ್ತಿದ್ದಾಳೆ.

"ನಾ ಗೆದ್ದಿಲ್ಲ, ಅಕಿ ಕೊಟ್ಟಾಳ" ಎಂದಳು ಅರ್ಚನಾ.

"ಸಣ್ಣ ಹುಡುಗಿ, ಎಲ್ಲೋ ಕೈತಪ್ಪಿರಬೇಕಲೇ" ಎಂದಳು ಅವ್ವ.

"ತಪ್ಪಿಲ್ಲ, ನೋಡಿಲ್ಲಿ." ಹುಡುಗಿ ಕಾಯಿಗಳನ್ನು ಅಂದು ಇದ್ದ ಹಾಗೆಯೇ ಇಟ್ಟು ತೋರಿಸಿದಳು. "ಇಲ್ಲಿ ಇಟ್ಟಿದ್ರ ನನ್ನ ರಾಜ ಸತ್ತಿದ್ದ. ಸೋತೆ ಅಂತ ನಾ ಕೈ ಕೊಡಾಕ ತಯಾರಾಗಿದ್ದೆ. ಅಕಿ ಮಂತ್ರಿ ಮುಟ್ಟಿದ್ಲು, ತಲಿ ಎತ್ತಿ ನಿನ್ನ ಮಖ ನೋಡಿದ್ಲು. ನನ್ನ ಮಖ ಅಲ್ಲವ್ವ, ನಿನ್ನ ಮಖ. ನೋಡಿ, ಮಂತ್ರಿನ್ನ ತಂದು ನನ್ನ ಆನಿ ಬಾಯಾಗ ಇಟ್ಲು."

ಗಂಗಾಂಬಿಕಾ ಹಲಗೆಯ ಪಕ್ಕ ಕುಳಿತಳು. ನನ್ನತ್ತ ನೋಡಿ, "ತಮಾಷಿಗೆ ಅಂದಿದ್ದೆ, ನೀನೂ ಇದ್ದೆಲ್ಲ" ಎಂದಳು.

ನನ್ನ ನಾಲಿಗೆ ಸುಮ್ಮನಿರುವ ಪೈಕಿ ಅಲ್ಲ. "ಬರೇ ತಮಾಷಿನಾ?" ಎಂದೆ.

ಮಗಳು ಇಟ್ಟ ಮಂತ್ರಿಯನ್ನು ನೋಡುತ್ತ, "ಅಲ್ಲ" ಎಂದಳು. ಆ ಒಂದು ಮಾತಿಗಾಗಿ ನಾನು ಅವಳ ಹಳೆಯ ಪಾಯಸದ ಲೆಕ್ಕವನ್ನೆಲ್ಲ ಬಿಟ್ಟುಬಿಟ್ಟೆ.

ಮೇಷ್ಟ್ರಿಗೆ ಫೋನು ಹಚ್ಚಿದಳು. ಅವರಿಗೆ ಎಲ್ಲವೂ ಗೊತ್ತಾಗಿತ್ತು. "ಬಸ್ಸಿನ್ಯಾಗ ಬೈದೆ ನೋಡ್ರಿ, ಆಮ್ಯಾಲೆ ಹೇಳಿದ್ಲು. ಉಂಡ ಮನಿಗೆ ಎರಡು ಬಗೀಬಾರ್ದಲ್ರಿ ಸರ್ ಅಂತಾಳ. ಅವರ ಹಟ್ಟ್ಯಾಗ ಅದೊಂದು ಮಾತು ಹಾಲಿನ ಜತಿಗೆ ಕುಡಿಸಿ ಬೆಳಿಸ್ತಾರ್ರಿ. ಆಟಕ್ಕ ಅದು ಅನ್ವಯ ಆಗಂಗಿಲ್ಲ ಅಂದ್ರ ತಿಳಿಯವಲ್ದು. ಮುಂದಿನ ತಿಂಗಳು ಹರಪನಹಳ್ಳ್ಯಾಗ ಆಯ್ಕೆ ಐತಿ. ರಾಜ್ಯಮಟ್ಟಕ್ಕ ಒಬ್ಬಾಕಿ ಹುಡುಗಿ. ಇಬ್ಬರೂ ಬಂದ್ರ ಎದುರಾಗೋದು ಇವರ. ನಾ ಬರ್ತೀನ್ರಿ, ಆದ್ರ ಅರ್ಚನಾಗ ಸೋಲ್ತೀನಿ ಅಂತ ಈಗ ಹೇಳಿಬಿಟ್ಟಾಳ."

"ಅರ್ಚನಾನ್ನ ಕಳಸಂಗಿಲ್ಲ ಬಿಡ್ರಿ" ಎಂದಳು ಗಂಗಾಂಬಿಕಾ.

"ಹಂಗಾರ ಅರ್ಚನಾನ್ನ ನಾನ ಓಡಿಸಿದೆ ಅಂತ ಅಕಿ ಮನಸಿನ್ಯಾಗ ಮತ್ತೊಂದು ಹಿಡಕೋತಾಳ್ರಿ. ಅವರವ್ವನೂ ಹೇಳಿ ಸಾಕಾಗ್ಯಾಳ. ಅವರೇನು ನಮ್ಮನ್ಯಾಗ ಉಂಡಾರೇನು ಸಮ ಆಗಾಕ, ಅಂತಾಳ ಹುಡುಗಿ."

ಆ ವಾರವೆಲ್ಲ ಗಂಗಾಂಬಿಕಾಳಿಗೆ ಓಣಿಯಲ್ಲಿ ತಲೆ ಎತ್ತಿ ನಡೆಯಲು ಆಗಲಿಲ್ಲ. ಪೇಡೆ ತಿಂದವರು ಸುಮ್ಮನಿರುತ್ತಾರೆಯೇ? "ಮಗಳು ಹೆಸರು ತಂದ್ಲು ನೋಡ್ರಿ" ಎಂದು ಹಂಪಮ್ಮ ಅಜ್ಜಿ ಕೈ ಹಿಡಿದುಕೊಂಡು ಹೊಗಳಿದರೆ, ಇವಳು ಕೈ ಬಿಡಿಸಿಕೊಂಡು ಒಳಗೆ ಬಂದು ಬಾಗಿಲು ಹಾಕಿಕೊಂಡಳು. ನನ್ನೊಬ್ಬಳ ಮುಂದೆ ಹೇಳಿಕೊಂಡಳು: "ನಾಚಿಕಿ ಅನ್ನೋದು ಮಖದ ಮ್ಯಾಲೆ ಇರತೈತಿ ಅನಕೊಂಡಿದ್ದೆ ಸುಕನ್ಯಾ. ಹೊಟ್ಟ್ಯಾಗ ಇರತೈತಿ. ಉಣ್ಣಾಕ ಕುಂತ್ರ ಮ್ಯಾಲೆ ಬರತೈತಿ. ಕೂಸಿಗೆ ಅನ್ನ ಹಾಕಿ ಅದರ ಬಾಡಿಗಿ ಕೇಳಿದಂಗಾತು ನಂದು."

ನಾನು ಸಮಾಧಾನ ಹೇಳಲಿಲ್ಲ. ಹೇಳಬೇಕಾದ್ದನ್ನು ಅವಳೇ ಹೇಳಿಕೊಂಡಿದ್ದಳು.

ಮುಂದಿನ ಭಾನುವಾರ ಬೆಳಿಗ್ಗೆ ಸೀರೆ ಉಟ್ಟು ನಮ್ಮ ಬಾಗಿಲಿಗೆ ಬಂದಳು, ಜೊತೆಗೆ ಅರ್ಚನಾ. "ಕೀರ್ತನಾ ಮನಿಗೆ ಊಟಕ್ಕ ಬರ್ತೀವಂತ ಮೇಷ್ಟ್ರ ಕಡಿಂದ ಹೇಳಿ ಕಳಿಸೀನಿ. ನೀನೂ ಬಾ" ಎಂದಳು. ಕೂಡ್ಲಿಗಿಯಲ್ಲಿ ಬಸ್ಸು ಬದಲಿಸಿ, ಕಾನಹೊಸಹಳ್ಳಿಯಲ್ಲಿ ಇಳಿದು, ಆಟೋದಲ್ಲಿ ಹಟ್ಟಿಗೆ ಹೋದೆವು. ದಾರಿಯುದ್ದಕ್ಕೂ ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. ಬಸ್ಸಿನಲ್ಲಿ ಒಮ್ಮೆ, "ಅವರು ಕುರಿಮ್ಯಾಕಿ ತಿನ್ನೋರಲ್ಲೇನ?" ಎಂದು ಮೆಲ್ಲಗೆ ಕೇಳಿ, ಕೇಳಿದ್ದಕ್ಕೆ ತಾನೇ ನಾಚಿಕೊಂಡು ಕಿಟಕಿಯ ಕಡೆ ತಿರುಗಿದಳು.

ಸುಂಕಮ್ಮ ಅಂಗಳವನ್ನು ಸಗಣಿಯಿಂದ ಸಾರಿಸಿ ರಂಗೋಲಿ ಹಾಕಿದ್ದಳು. ಬಾಗಿಲಲ್ಲಿ ತಂಬಿಗೆಯ ನೀರು ಕೊಟ್ಟಳು, ಹೊಸ ಚಾಪೆ ಹಾಸಿದಳು. ಮಾತಿಗಿಂತ ಅವಳಿಗೆ ಕೈ ಮುಗಿಯುವುದೇ ಹೆಚ್ಚಾಯಿತು. ಗಂಡ ಮಂದೆಯ ಜೊತೆ ಹೋಗಿದ್ದ. ಕೀರ್ತನಾ ಕಂಬಕ್ಕೆ ಒರಗಿ ನಿಂತು ನಮ್ಮನ್ನೇ ನೋಡುತ್ತಿದ್ದಳು. ಗಂಗಾಂಬಿಕಾ ಅವಳತ್ತ ನೇರವಾಗಿ ನೋಡಲಾರದೆ ಮಾಡದಲ್ಲಿದ್ದ ಕಪ್ಪನ್ನು ನೋಡಿದಳು.

ಸುಂಕಮ್ಮ ಬಿಳಿ ಬಟ್ಟೆ ಮುಚ್ಚಿದ ತಟ್ಟೆಗಳನ್ನು ತಂದಿಟ್ಟಳು. ಹೋಳಿಗೆ, ಕೋಸಂಬರಿ, ಅನ್ನ, ಕಟ್ಟಿನ ಸಾರು. ನಮ್ಮ ಗಂಗಾಂಬಿಕಾಳ ಮನೆಯಿಂದಲೇ ಬಂದ ಹಾಗಿತ್ತು.

"ನೀವು ಕಾಳಜಿ ಮಾಡಬ್ಯಾಡ್ರಿ ಅಕ್ಕಾರ" ಎಂದಳು ಸುಂಕಮ್ಮ. "ನಮ್ಮ ಒಲಿ ಮ್ಯಾಲಿಂದು ನಿಮಗ ನಡ್ಯಂಗಿಲ್ಲಂತ ನನಗ ತಿಳಿತೈತಿ. ಊರಾಗ ಉಜ್ಜಿನಪ್ಪನೋರು ನಿಮ್ಮ ಪೈಕೀನ. ಅವರ ಮನ್ಯಾಗ ಹೇಳಿ ಮಾಡಿಸಿ ತಂದೀನ್ರಿ. ತಾಟೂ ಅವರವ."

ಗಂಗಾಂಬಿಕಾಳ ಭುಜಗಳು ಕೆಳಗಿಳಿದವು. ಮುಖದ ಗಂಟು ಸಡಿಲಾಗಿ ಒಂದು ಉಸಿರು ಹೊರಬಿತ್ತು. ಅವಳಿಗೆ ನೆಮ್ಮದಿಯಾಯಿತು, ಅದನ್ನು ನಾನು ಕಂಡೆ. ಅವಳು ಕೈ ತೊಳೆದು ತಟ್ಟೆಯ ಕಡೆ ಬಾಗಿದಳು.

"ಅವ್ವಾ, ಇದು ಉಜ್ಜಿನಪ್ಪ ತಾತರ ಮನಿದು. ನಮ್ಮನಿದಲ್ಲ" ಎಂದಳು ಕಂಬದ ಬಳಿಯ ಹುಡುಗಿ.

"ಸುಮ್ಕಿರ್ಲೇ!" ಎಂದು ಸುಂಕಮ್ಮ ಗದರಿದಳು.

ಹುಡುಗಿ ಸಿಟ್ಟಿನಿಂದ ಹೇಳಿರಲಿಲ್ಲ, ಹಲಗೆಯ ಮೇಲೆ ಕಾಯಿ ತಪ್ಪು ಮನೆಯಲ್ಲಿದೆ ಎನ್ನುವ ಹಾಗೆ ಹೇಳಿದ್ದಳು. ಆದರೆ ಆ ನೆಮ್ಮದಿಯ ಉಸಿರನ್ನು ಅವಳೂ ಕಂಡಿದ್ದಳು. ಅವಳು ಕಂಡಳೆಂಬುದು ಗಂಗಾಂಬಿಕಾಳಿಗೆ ತಿಳಿಯಿತು. ಅವಳು ಕುತ್ತಿಗೆಯಿಂದ ಕಿವಿಯವರೆಗೆ ಕೆಂಪೇರಿದ್ದನ್ನು ನಾನು ಹಿಂದೆ ಎಂದೂ ಕಂಡಿರಲಿಲ್ಲ. ಊರಿಗೆಲ್ಲ ಉಣಿಸಿದ ಹೆಂಗಸು ಒಂದು ತಟ್ಟೆಯ ಮುಂದೆ ಕಳ್ಳಿಯ ಹಾಗೆ ಕುಳಿತಿದ್ದಳು. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅವಳು ತಟ್ಟೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. "ಸುಂಕಮ್ಮ, ನೀವು ಬೆಳಿಗ್ಗೆ ನಿಮಗಂತ ಏನು ಮಾಡೀರಿ?"

"ರೊಟ್ಟಿ, ಪುಂಡಿಪಲ್ಯ ಅದಾವ್ರಿ. ಬ್ಯಾಡ್ರಿ ಅಕ್ಕಾರ, ನಿನ್ನಿ ಅದ ಒಲಿ ಮ್ಯಾಲೆ ಬಾಡು ಬೇಯಿಸೀನ್ರಿ. ನಿಮ್ಮ ಮಡಿ ಕೆಟ್ಟ ಪಾಪ ನನಗ ಬ್ಯಾಡ್ರಿ."

"ಪಾಪ ನಂದು. ಅದ ರೊಟ್ಟಿ ಕೊಡ್ರಿ."

ಸುಂಕಮ್ಮ ನನ್ನ ಮುಖ ನೋಡಿದಳು. "ಕೊಡ್ರಿ, ನನಗೂ ಒಂದು ಹಾಕ್ರಿ" ಎಂದೆ. ನನಗೇನು, ಹಸಿದಾಗ ಯಾರ ಒಲೆಯದಾದರೂ ಸರಿ.

ರೊಟ್ಟಿ ಬಂತು. ಗಂಗಾಂಬಿಕಾ ಮೊದಲ ತುತ್ತು ಮುರಿದು ಕೈಯಲ್ಲಿ ಹಿಡಿದಳು. ಕಣ್ಣು ಮುಚ್ಚಿ ಬಾಯಿಗಿಟ್ಟು ಅಗಿದಳು, ನುಂಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಕಣ್ಣು ತೆರೆದು ಇನ್ನೊಂದು ಮುರಿದಳು. ಎರಡನೆಯ ರೊಟ್ಟಿಯನ್ನು ಕೇಳಿ ಹಾಕಿಸಿಕೊಂಡಳು. ತಟ್ಟೆಯ ಪಲ್ಯವನ್ನು ಬೆರಳಿನಿಂದ ಬಳಿದು ತಿಂದಳು. ನೀರು ಅವಳ ಕೆನ್ನೆಯ ಮೇಲೆ ಇಳಿಯುತ್ತಿತ್ತು, ಅದು ಪುಂಡಿಪಲ್ಯದ ಖಾರಕ್ಕಲ್ಲ. "ಪಲ್ಯ ಚಲೋ ಆಗೈತಿ" ಎಂದಳು. ಇಷ್ಟು ವರ್ಷದಲ್ಲಿ ಬೇರೆಯವರ ಅಡುಗೆಗೆ ಅವಳು ಹೇಳಿದ ಮೊದಲ ಮಾತು ಅದು.

ಕೀರ್ತನಾ ಕೊನೆಯ ತುತ್ತಿನ ತನಕ ನೋಡಿದಳು. ನಂತರ ಕಂಬ ಬಿಟ್ಟು ಒಳಗೆ ಹೋಗಿ ಹಲಗೆ ತಂದು ಅರ್ಚನಾಳ ಮುಂದೆ ಹಾಸಿದಳು. ಶಾಲೆಯ ಅದೇ ಹಳೆಯ ಸೆಟ್ಟು, ಕುದುರೆಗಳ ಜಾಗದಲ್ಲಿ ಸೋಡಾ ಮುಚ್ಚಳ. ಅಂದು ಅಂಗಳದಲ್ಲಿ ಅರ್ಚನಾ ಸೋತಳು, ಮತ್ತೆ ಸೋತಳು, ಸೋತು ಸೋತು ನಗತೊಡಗಿದಳು.

ಹರಪನಹಳ್ಳಿಯ ಆಯ್ಕೆಗೆ ಎಲ್ಲರೂ ಹೋದೆವು. ಸುಂಕಮ್ಮನೂ ಬಂದಿದ್ದಳು. ಕೊನೆಯಲ್ಲಿ ಅವರಿಬ್ಬರೇ ಎದುರಾದರು. ಗಂಗಾಂಬಿಕಾ ಹಗ್ಗದ ಹತ್ತಿರ ಬರಲಿಲ್ಲ. ಆಟದ ಕೋಣೆಯ ಹೊರಗೆ, ಕಿಟಕಿಯಿಂದಲೂ ಕಾಣದ ಕಡೆ, ಗೋಡೆಗೆ ಮುಖ ಮಾಡಿ ನಿಂತಿದ್ದಳು. "ನನ್ನ ಮಖ ಅಕಿಗೆ ಕಾಣಬಾರ್ದು" ಎಂದಳು. ಒಳಗೆ ಚಪ್ಪಾಳೆ ಬಿದ್ದಾಗಲೂ ತಿರುಗಲಿಲ್ಲ.

ಮೊದಲು ಓಡಿ ಬಂದವಳು ಕೀರ್ತನಾ. ಯಾರು ಗೆದ್ದರೆಂದು ಕೇಳಬೇಕಾಗಿರಲಿಲ್ಲ, ಹಿಂದೆ ಬರುತ್ತಿದ್ದ ಮೇಷ್ಟ್ರ ಮುಖ ಅರಳಿತ್ತು. ಹುಡುಗಿ ಗಂಗಾಂಬಿಕಾಳ ಸೆರಗು ಜಗ್ಗಿದಳು. ಒಳ್ಳೆಯ ಸುದ್ದಿ ಹೇಳುವ ಮಕ್ಕಳ ಕಣ್ಣು ಹೇಗಿರುತ್ತದೋ ಹಾಗೆ ಇತ್ತು ಅವಳ ಕಣ್ಣು.

"ಅತ್ತೀ, ಈ ಸಲ ನಾ ತಲಿ ಎತ್ತಿ ನೋಡಲಿಲ್ರಿ" ಎಂದಳು.

ಗಂಗಾಂಬಿಕಾ ಅವಳ ತಲೆಯ ಮೇಲೆ ಕೈ ಇಟ್ಟಳು. "ಚಲೋ ಮಾಡಿದಿ" ಎಂದು ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿದಳು.